ನಗುವ ಪ್ಲಾಸ್ಟಿಕ್ ಮುಖ: ಹ್ಯಾಕರ್ ಮಾಸ್ಕ್ ಒಂದು ಡಜನ್ ಕೊಂಡವಳ ಅಭಿಪ್ರಾಯ

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ವೇದಿಕೆ ಮೇಲೆ ದೂರದಿಂದ ನೋಡುವುದಾದರೆ ನಾಲ್ಕು. ಹಾಕಿಕೊಂಡು ಮಾತಾಡಬೇಕೆಂದರೆ ಎರಡೇ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಬಾಗಲಕೋಟೆಯ ಹಳೇ ಊರಿನಲ್ಲಿ ನಮ್ಮದು ನಾಟಕದ ಡ್ರೆಸ್ ಬಾಡಿಗೆ ಅಂಗಡಿ. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಕಿರೀಟ, ಗದೆ, ಭುಜಕೀರ್ತಿ, ಗಡ್ಡ, ಮೀಸೆ, ಪೊಲೀಸ್ ಟೋಪಿ, ವಕೀಲರ ಕರಿ ಕೋಟು ಎಲ್ಲ ಸಿಗುತ್ತವೆ. ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ ಶಾಲೆ ಮಕ್ಕಳ ಚೆನ್ನಮ್ಮ, ರಾಯಣ್ಣ. ಜಾತ್ರೆ ದಿನಗಳಲ್ಲಿ ಹಳ್ಳಿ ನಾಟಕದವರು. ಹೋಳಿ ಹತ್ತಿರ ಬಂತೆಂದರೆ ಸೋಗಿನ ಬಂಡಿಯವರು. ಹಲಗಿ ಸದ್ದು ಶುರುವಾಗುವ ಮೊದಲೇ ನನ್ನ ಗೋಡೆಯ ಮೇಲಿನ ಮುಖವಾಡಗಳು ಖಾಲಿ. ರಾಕ್ಷಸ, ಹುಲಿ, ಕರಡಿ. ರಟ್ಟಿನದು, ರಬ್ಬರಿನದು, ಬಟ್ಟೆಯದು, ಎಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಇದು ಮಾತ್ರ ನಮ್ಮ ಅಂಗಡಿಗೆ ಹೊಸದು. ಬಿಳಿ ಮುಖ, ಕೆಂಪು ಕೆನ್ನೆ, ಮೇಲಕ್ಕೆ ತಿರುವಿದ ಕರಿ ಮೀಸೆ, ಗದ್ದದ ಮೇಲೆ ಗೀಟು ಎಳೆದಂಥ ಗಡ್ಡ, ಆಮೇಲೆ ಆ ನಗು. ನೀವು ನೋಡಿರುತ್ತೀರಿ. ಆನ್‌ಲೈನ್‌ನಲ್ಲಿ ಹ್ಯಾಕರ್ ಮಾಸ್ಕ್ ಅಂತ ಹುಡುಕಿದರೆ ಸಾಲಾಗಿ ಬರುತ್ತದೆ. ಅನಾನಿಮಸ್ ಎಂಬ ಹ್ಯಾಕರ್‌ಗಳ ಕೂಟದ ಗುರುತು. ವಿದ್ಯಾಗಿರಿ ಕಡೆಯ ಒಂದು ಕಾಲೇಜಿನ ಹುಡುಗರು ಗ್ಯಾದರಿಂಗ್‌ಗೆ ಉಗ್ರರ ವಿರುದ್ಧ ನಿಂತ ಹ್ಯಾಕರ್‌ಗಳ ಮೇಲೆ ನಾಟಕ ಮಾಡುತ್ತೇವೆ, ಒಂದು ಡಜನ್ ಬೇಕು ಅಂತ ಬಂದರು. "ಬಾಡಿಗಿ ಎಷ್ಟರ ಆಗ್ಲಿ ಅಕ್ಕಾರ, ಎಲ್ಲಾ ಒಂದ ನಮೂನಿ ಇರಬೇಕು" ಅಂದರು. ಒಂದಕ್ಕೆ 180 ರೂಪಾಯಿಯಂತೆ ತರಿಸಿದೆ.

ಮೊದಲು ವಸ್ತುವಿನ ಮಾತು. ತೆಳು ಪ್ಲಾಸ್ಟಿಕ್. ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಅಂಚನ್ನು ಸರಿಯಾಗಿ ಉಜ್ಜಿಲ್ಲ, ಕಿವಿ ಹತ್ತಿರ ಗೀರುತ್ತದೆ. ಹಿಂದಿನ ಎಲಾಸ್ಟಿಕ್‌ಗೆ ಬರೀ ಸ್ಟೇಪ್ಲರ್ ಪಿನ್ ಹೊಡೆದಿದ್ದಾರೆ. ಎರಡು ಸಲ ಜಗ್ಗಿದರೆ ಪಿನ್ ಕಿತ್ತು ಬರುತ್ತದೆ, ಅದರ ಮೊನೆ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಡಬ್ಬಿ ತೆಗೆದಾಗ ಸೀಮೆಎಣ್ಣೆಯಂಥ ವಾಸನೆ ಬಂತು. ಬಿಸಿಲಲ್ಲಿ ಒಣಗಿಸಿದ ಮೇಲೆ ಹೋಯಿತು. ಮೀಸೆಯ ಕರಿ ಬಣ್ಣ ಬೆವರಿಗೆ ಕರಗುತ್ತದೆ ಅಂತ ಹಲವರು ಬರೆದಿದ್ದರು, ನನ್ನವು ಕರಗಲಿಲ್ಲ. ಆದರೆ ಒಂದು ಮುಖದ ಕೆಂಪು ಕೆನ್ನೆ ಜಾಗ ತಪ್ಪಿ ಕಣ್ಣಿನ ಕೆಳಗೆ ಬಿದ್ದಿತ್ತು, ಯಾರೋ ಹೊಡೆದ ಹಾಗೆ. ಇನ್ನೊಂದು ಅಪ್ಪಚ್ಚಿಯಾಗಿ ಬಂತು. ವಾಪಸ್ ತಗೊಳ್ಳಿ ಅಂದರೆ ಮಾರಿದವರು "ಬಳಸಿದ ವಸ್ತು" ಅಂತ ಉತ್ತರ ಕಳಿಸಿದರು. ಮೂಗು ಒಳಗೆ ಹೋದ ಮುಖವಾಡವನ್ನು ಯಾರು, ಹೇಗೆ ಬಳಸಿರಬಹುದು ಅಂತ ಅವರೇ ಹೇಳಬೇಕು. ಅರ್ಧ ಸ್ಟಾರ್ ಅಲ್ಲೇ ಹೋಯಿತು.

ದೊಡ್ಡ ತೊಂದರೆ ಕಣ್ಣು ಮತ್ತು ಬಾಯಿಯದು. ಕಣ್ಣಿನ ಸೀಳು ಸಣ್ಣದು, ಎದುರಿಗೆ ಕಾಣುತ್ತದೆ, ಕಾಲಡಿ ಕಾಣುವುದಿಲ್ಲ. ಮೆಟ್ಟಿಲು ಇಳಿಯುವ ಪಾತ್ರ ಇದ್ದರೆ ಕೊಡಲೇಬೇಡಿ. ಬಾಯಿಗೆ ತೂತೇ ಇಲ್ಲ. ಮಾತೆಲ್ಲ ಒಳಗೇ ಗುಂಯ್ ಅನ್ನುತ್ತದೆ. ನಾನು ದಬ್ಬಣ ಕಾಯಿಸಿ ತುಟಿಯ ಗೆರೆಯಲ್ಲಿ ತೂತು ಹಾಕಿದೆ, ಹಣೆಯ ಒಳಭಾಗಕ್ಕೆ ಸ್ಪಂಜು ಅಂಟಿಸಿದೆ, ಎಲಾಸ್ಟಿಕ್ ಕಿತ್ತು ಅಗಲ ಲಾಡಿ ಹೊಲಿದೆ. ಆಮೇಲೆ ಪರವಾಗಿಲ್ಲ ಅನ್ನುವಂತಾಯಿತು. ಕೊಳ್ಳುವವರು ಈ ಕೆಲಸಕ್ಕೆ ಒಂದು ಮಧ್ಯಾಹ್ನ ಎತ್ತಿಡಿ.

ಯಾವುದೇ ವೇಷ ಕೊಡುವ ಮುಂಚೆ ಪಾತ್ರ ಯಾರದು ಅಂತ ಕೇಳುವುದು ನಮ್ಮ ಅಂಗಡಿಯ ಪದ್ಧತಿ. ಮಾವನವರ ಕಾಲದಿಂದ ಬಂದದ್ದು. ದುರ್ಯೋಧನನಿಗೆ ಭೀಮನ ಗದೆ ಕೊಟ್ಟರೆ ಹಳ್ಳಿಯಲ್ಲಿ ಇವತ್ತಿಗೂ ಹಿಡಿದು ಕೇಳುವ ಹಿರಿಯರಿದ್ದಾರೆ. ಹಾಗಾಗಿ ಹುಡುಗರನ್ನೂ ಕೇಳಿದೆ: ಇದು ಯಾರ ಮುಖ?

"ಅನಾನಿಮಸ್‌ದ್ರಿ."

ಅದಲ್ಲ, ಈ ಮೀಸೆ ಯಾರದು?

ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಸೈಬರ್ ಸೆಕ್ಯೂರಿಟಿ ಕೆಲಸದಲ್ಲಿರುವ ಮಗಳಿಗೆ ಫೋನ್ ಹಚ್ಚಿದೆ. ಅವಳು ಹೇಳಿದ್ದನ್ನು ಕೇಳಿ ನನಗೆ ನಗು ಬಂತು. ಈತ ಗೈ ಫಾಕ್ಸ್ ಅಂತ, ಇಂಗ್ಲೆಂಡಿನವನು. 1605ರ ನವೆಂಬರ್ 5ರಂದು ಅಲ್ಲಿನ ಪಾರ್ಲಿಮೆಂಟನ್ನು ರಾಜನ ಸಮೇತ ಸ್ಫೋಟಿಸಲು ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದು ಕೂಡಿಟ್ಟ ಗುಂಪಿನವನು. ಕ್ಯಾಥೊಲಿಕ್ಕರ ಮೇಲಿನ ದಬ್ಬಾಳಿಕೆಯ ಸಿಟ್ಟು ಅದಕ್ಕೆ ಕಾರಣ. ಮದ್ದಿನ ಹತ್ತಿರವೇ ಸಿಕ್ಕಿಬಿದ್ದ. ಮರುವರ್ಷ ಜನವರಿಯಲ್ಲಿ ಮರಣದಂಡನೆ ಆಯಿತು. ಅಲ್ಲಿನವರು ಇವತ್ತಿಗೂ ನವೆಂಬರ್ 5ಕ್ಕೆ ಬೆಂಕಿ ಹಾಕಿ ಅವನ ಬೊಂಬೆ ಸುಡುತ್ತಾರೆ, ನಾವು ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಟ್ಟ ಹಾಗೆ.

ಅಂದರೆ ಧರ್ಮದ ಹೆಸರಲ್ಲಿ ಸ್ಫೋಟ ಮಾಡಹೊರಟವನ ಮುಖ ಹಾಕಿಕೊಂಡು, ಧರ್ಮದ ಹೆಸರಲ್ಲಿ ಸ್ಫೋಟ ಮಾಡುವವರ ವಿರುದ್ಧ ಹುಡುಗರು ನಾಟಕ ಮಾಡಲು ಹೊರಟಿದ್ದರು! ಅವರ ತಪ್ಪೇನಿಲ್ಲ. ಈ ಮುಖ 1980ರ ದಶಕದ ಒಂದು ಬ್ರಿಟಿಷ್ ಕಾಮಿಕ್ಸ್‌ನಲ್ಲಿ ಬಂತು, 2006ರಲ್ಲಿ ಹಾಲಿವುಡ್ ಸಿನಿಮಾಕ್ಕೆ ಹೋಯಿತು, ಅಲ್ಲಿಂದ ಬೀದಿಗೆ ಬಂತು. 2008ರ ಫೆಬ್ರವರಿಯಲ್ಲಿ ಸೈಂಟಾಲಜಿ ಎಂಬ ಪಂಥದ ಕಚೇರಿಗಳ ಮುಂದೆ ಅನಾನಿಮಸ್‌ನವರು ಗುರುತು ಸಿಗಬಾರದು ಅಂತ ಇದನ್ನೇ ಹಾಕಿಕೊಂಡು ನಿಂತರು. ನಮ್ಮಲ್ಲೂ 2012ರ ಜೂನ್ 9ರಂದು ಇಂಟರ್ನೆಟ್ ನಿರ್ಬಂಧದ ವಿರುದ್ಧ ಬೆಂಗಳೂರು, ಮುಂಬೈ, ದೆಹಲಿಯಲ್ಲಿ ಇದೇ ಮುಖ ಹಾಕಿಕೊಂಡು ಜನ ಬೀದಿಗಿಳಿದಿದ್ದರು. ತಮಾಷೆ ಏನೆಂದರೆ, ದೊಡ್ಡ ಕಂಪನಿಗಳನ್ನು ಬೈಯುವವರೂ ಇದೇ ಮುಖವಾಡ ಕೊಳ್ಳುತ್ತಾರೆ, ಲೈಸೆನ್ಸ್ ಇರುವ ಅಸಲಿ ಮುಖವಾಡ ಒಂದೊಂದು ಮಾರಿದಾಗಲೂ ಸಿನಿಮಾ ಹಕ್ಕಿನ ರಾಯಲ್ಟಿ ಟೈಮ್ ವಾರ್ನರ್‌ನಂಥ ದೊಡ್ಡ ಕಂಪನಿಗೇ ಹೋಗುತ್ತಿತ್ತು. 2011ರ ಹೊತ್ತಿಗೆ ವರ್ಷಕ್ಕೆ 1 ಲಕ್ಷದಷ್ಟು ಮಾರಾಟ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನನ್ನ 180 ರೂಪಾಯಿಯದ್ದು ಅಸಲಿ ಇರಲಾರದು, ಹಾಗಾಗಿ ಆ ಪಾಪ ನನಗೆ ತಟ್ಟಲಿಕ್ಕಿಲ್ಲ.

ಇನ್ನು ನಾಟಕ. ಬರೆದವನು ಇಳಕಲ್ ಕಡೆಯ ಹುಡುಗ, ಕಂಪ್ಯೂಟರ್ ಸೈನ್ಸ್ ಓದುತ್ತಾನೆ. ಕಥೆ 2015ರದು. ಆ ಜನವರಿಯಲ್ಲಿ ಪ್ಯಾರಿಸ್‌ನ ಶಾರ್ಲಿ ಎಬ್ಡೊ ಪತ್ರಿಕೆ ಕಚೇರಿ ಮೇಲೆ ದಾಳಿ ಆಯಿತು. ನವೆಂಬರ್ 13ರಂದು ಅದೇ ಊರಿನಲ್ಲಿ ಮತ್ತೆ ದಾಳಿ ನಡೆದು 130 ಜನ ಸತ್ತರು, ಐಸಿಸ್ ಎಂಬ ಉಗ್ರ ಸಂಘಟನೆ ತಾನೇ ಮಾಡಿದ್ದು ಅಂತ ಹೇಳಿಕೊಂಡಿತು. ಎರಡೂ ಸಲ ಅನಾನಿಮಸ್‌ನವರು ಇದೇ ಮುಖ ಹಾಕಿಕೊಂಡು ವಿಡಿಯೊ ಬಿಟ್ಟರು: ನಿಮ್ಮನ್ನು ಹುಡುಕುತ್ತೇವೆ, ಬಿಡುವುದಿಲ್ಲ ಅಂತ. ಹುಡುಗನ ಮೊದಲ ಕರಡಿನಲ್ಲಿ ಹನ್ನೆರಡು ಮುಖವಾಡಗಳು ಸಾಲಾಗಿ ಬಂದು ಲ್ಯಾಪ್‌ಟಾಪ್ ಕುಟ್ಟುತ್ತವೆ, ಹಿಂದೆ ಪಟಪಟ ಸದ್ದು, ಕಪ್ಪು ಬಟ್ಟೆಯವರು ಬೀಳುತ್ತಾರೆ, ಪರದೆ. ಕಂಪನಿ ನಾಟಕದ ಯುದ್ಧದ ಸೀನೇ ಇದು, ಕತ್ತಿಯ ಬದಲು ಕೀಬೋರ್ಡ್ ಅಷ್ಟೇ.

ಮಗಳಿಗೆ ಓದಿ ಹೇಳಿದೆ. "ಅವ್ವಾ, ಹಂಗ ಆಗಿಲ್ಲ ಅದು" ಅಂದಳು. ಆಮೇಲೆ ಹುಡುಗರ ಜೊತೆ ನೇರವಾಗಿ ಫೋನಲ್ಲೇ ಕೂತಳು. ನಾನು ಲಾಡಿ ಹೊಲಿಯುತ್ತ ಕೇಳುತ್ತಿದ್ದೆ.

ಅವಳು ಹೇಳಿದ್ದು ಇಷ್ಟು. ಆಗ ಐಸಿಸ್‌ನ ದೊಡ್ಡ ಬಲ ಟ್ವಿಟರ್, ಈಗಿನ ಎಕ್ಸ್. ಅಮೆರಿಕದ ಬ್ರೂಕಿಂಗ್ಸ್ ಸಂಸ್ಥೆಯ ಅಧ್ಯಯನದ ಪ್ರಕಾರ 2014ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಕಡಿಮೆ ಅಂದರೂ 46 ಸಾವಿರ ಖಾತೆಗಳು ಅವರ ಬೆಂಬಲಿಗರ ಕೈಯಲ್ಲಿದ್ದವು. ಒಂದನ್ನು ಮುಚ್ಚಿಸಿದರೆ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿ ಇನ್ನೊಂದು ತೆರೆಯುತ್ತಿದ್ದರು. ಹ್ಯಾಕರ್‌ಗಳು ಮಾಡಿದ ಹೆಚ್ಚಿನ ಕೆಲಸ ಹ್ಯಾಕಿಂಗ್ ಅಲ್ಲವೇ ಅಲ್ಲ. ಕೂತು ಹುಡುಕುವುದು, ಪಟ್ಟಿ ಮಾಡುವುದು, ಎಲ್ಲರೂ ಸೇರಿ ಟ್ವಿಟರ್‌ಗೆ ರಿಪೋರ್ಟ್ ಒತ್ತುವುದು. ಕೆಲವರು ಡಿಡಾಸ್ ದಾಳಿ ಮಾಡಿದರು. ಅಂದರೆ ಒಂದು ವೆಬ್‌ಸೈಟಿಗೆ ಎಲ್ಲ ಕಡೆಯಿಂದ ಒಮ್ಮೆಲೇ ಸುಳ್ಳು ವಿನಂತಿ ಕಳಿಸಿ ಅದು ಉಸಿರುಗಟ್ಟಿ ನಿಲ್ಲುವಂತೆ ಮಾಡುವುದು. ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತದೆ.

"ಹಂಗಾದ್ರ ಸ್ಟೇಜ್ ಮ್ಯಾಲೆ ಏನ್ ತೋರಿಸೋದ್ರಿ, ಬರೇ ಪಟ್ಟಿ ಬರಿಯೋದ?" ಅಂತ ಇಳಕಲ್ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಪಟ್ಟಿ ಬರೆಯುವುದನ್ನು ನೋಡಲು ಯಾರೂ ಗ್ಯಾದರಿಂಗ್‌ಗೆ ಬರುವುದಿಲ್ಲ.

ಆಗ ಮಗಳು ಒಂದಿಷ್ಟು ನಿಜವಾಗಿ ನಡೆದ ಹಾಸ್ಯ ಹೇಳಿದಳು. ಕೆಲಸಕ್ಕೆ ಬಂದದ್ದು ಅವೇ. ಪ್ಯಾರಿಸ್ ದಾಳಿಯ ಕೆಲವೇ ದಿನಗಳಲ್ಲಿ ಗೋಸ್ಟ್‌ಸೆಕ್ ಎಂಬ ಹ್ಯಾಕರ್‌ಗಳ ಗುಂಪು, ಸಾಮಾನ್ಯ ಹುಡುಕಾಟಕ್ಕೆ ಸಿಗದ ಡಾರ್ಕ್‌ವೆಬ್‌ನಲ್ಲಿದ್ದ ಐಸಿಸ್ ಪ್ರಚಾರದ ತಾಣವೊಂದಕ್ಕೆ ನುಗ್ಗಿ, ಅಲ್ಲಿ ಖಿನ್ನತೆಯ ಮಾತ್ರೆ ಪ್ರೊಜಾಕ್ ಮಾರುವ ಆನ್‌ಲೈನ್ ಔಷಧಿ ಅಂಗಡಿಯ ಜಾಹೀರಾತು ಹಾಕಿತು. ಸ್ವಲ್ಪ ಸಮಾಧಾನ ಮಾಡಿಕೊಳ್ಳಿ, ಬಹಳ ಜನ ಬರುತ್ತಿದ್ದೀರಿ, ಅಲ್ಲೀ ತನಕ ಈ ಜಾಹೀರಾತು ನೋಡುತ್ತಿರಿ ಎಂಬ ಅರ್ಥದ ಬರಹ ಬೇರೆ! ಅದೇ ತಿಂಗಳು ಇನ್ಯಾರೋ ಬಂದೂಕು ಹಿಡಿದ ಉಗ್ರರ ಫೋಟೊಗಳಲ್ಲಿ ತಲೆ ತೆಗೆದು ಸ್ನಾನದ ರಬ್ಬರ್ ಬಾತುಕೋಳಿಯ ತಲೆ ಇಟ್ಟರು. 2016ರ ಜೂನ್‌ನಲ್ಲಿ ಅಮೆರಿಕದ ಆರ್ಲ್ಯಾಂಡೊದಲ್ಲಿ ಸಲಿಂಗಿಗಳ ಕ್ಲಬ್ಬಿಗೆ ನುಗ್ಗಿದವನು 49 ಜನರನ್ನು ಕೊಂದ ಮೇಲೆ, ವಾಚುಲಾ ಗೋಸ್ಟ್ ಎಂಬ ಹೆಸರಿನ ಹ್ಯಾಕರ್ ಐಸಿಸ್ ಬೆಂಬಲಿಗರ ಟ್ವಿಟರ್ ಖಾತೆಗಳನ್ನು ವಶಕ್ಕೆ ತಗೊಂಡು ಎಲ್ಲದರ ಮೇಲೂ ಕಾಮನಬಿಲ್ಲಿನ ಬಣ್ಣ ಬಳಿದ.

ನನಗೆ ಇದು ತಕ್ಷಣ ಅರ್ಥವಾಯಿತು. ಹೆದರಿಸುವ ವೇಷಕ್ಕೆ ಮದ್ದು ಇನ್ನೊಂದು ಹೆದರಿಸುವ ವೇಷ ಅಲ್ಲ. ರಾಕ್ಷಸನ ಪಾತ್ರದವನ ಧೋತರ ಸ್ಟೇಜಿನ ಮೇಲೆ ಜಾರಿದರೆ ಮುಗಿಯಿತು, ಆಮೇಲೆ ಎಷ್ಟು ಗರ್ಜಿಸಿದರೂ ಜನ ನಗುತ್ತಾರೆ. ಈ ಉಗ್ರ ಗುಂಪುಗಳ ವಿಡಿಯೊ ಎಲ್ಲವೂ ವೇಷದ ಮೇಲೆ ನಿಂತದ್ದು: ಕಪ್ಪು ಬಟ್ಟೆ, ಬಾವುಟ, ಹಿನ್ನೆಲೆ ಹಾಡು, ನಿಧಾನಕ್ಕೆ ನಡೆಯುವ ಕುದುರೆ. ಇಪ್ಪತ್ತು ವರ್ಷದ ಹುಡುಗನನ್ನು ಸೆಳೆಯಲು ತಕ್ಕ ಪಕ್ಕಾ ನಾಟಕ. ಅದರ ಧೋತರ ಎಳೆದವರಿಗೆ ನನ್ನ ಕಡೆಯಿಂದ ಪೂರ್ತಿ ಅಂಕ. ಬಾತುಕೋಳಿ ತಲೆಗಳನ್ನು ನಾನೇ ಹಳದಿ ಸ್ಪಂಜಿನಲ್ಲಿ ಮಾಡಿಕೊಟ್ಟೆ. ಬೇಕಾದವರಿಗೆ ಬಾಡಿಗೆಗೆ ಇವೆ.

ಈಗ ಈ ಮುಖವಾಡದ ನಿಜವಾದ ಐಬಿಗೆ ಬರುತ್ತೇನೆ. ಪ್ಲಾಸ್ಟಿಕ್ ಸುಧಾರಿಸಿದರೂ ಇದು ಹೋಗುವುದಿಲ್ಲ.

ರಿಹರ್ಸಲ್‌ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹನ್ನೆರಡು ಜನ ಒಂದೇ ಮುಖ ಹಾಕಿಕೊಂಡು ನಿಂತರೆ ನೋಡಲು ಭಾರಿ ಚಂದ. ಮಾತು ಶುರುವಾದ ಕೂಡಲೇ ಗೊಂದಲ. ಯಾರು ಮಾತಾಡುತ್ತಿದ್ದಾರೆ? ತುಟಿ ಅಲ್ಲಾಡುವುದಿಲ್ಲ, ಹುಬ್ಬು ಏರುವುದಿಲ್ಲ. ಬೈದವನೂ ನಗುತ್ತಿದ್ದಾನೆ, ಅತ್ತವನೂ ನಗುತ್ತಿದ್ದಾನೆ. ಕೊನೆಗೆ ಮಾತಾಡುವವನು ಬಲಗೈ ಎತ್ತಬೇಕು ಅಂತ ಮಾಡಿದರು. ಮಧ್ಯದಲ್ಲಿ ಒಬ್ಬ ತುಂಟ ಸುಮ್ನೆ ಕೈ ಎತ್ತಿದ. ಎಲ್ಲರೂ ಮಾತು ಅವನದೇ ಅಂದುಕೊಂಡರು.

ಹೊರಗೆ ಆದದ್ದೂ ಇದೇ ಅಂತ ಮಗಳು ಹೇಳಿದಳು. ಅನಾನಿಮಸ್‌ಗೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ, ಸದಸ್ಯತ್ವದ ರಸೀದಿ ಇಲ್ಲ. ಯಾರು ಬೇಕಾದರೂ ಈ ಮುಖ ಹಾಕಿಕೊಂಡು ನಾನೂ ಅನಾನಿಮಸ್ ಅನ್ನಬಹುದು. 2015ರ ನವೆಂಬರ್‌ನಲ್ಲಿ ಅಮೆರಿಕದ ಬಿಳಿಯರ ಉಗ್ರ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಸದಸ್ಯರ ಹೆಸರು ಹೊರಹಾಕುತ್ತೇವೆ ಅಂತ ಈ ಮುಖದವರು ಘೋಷಿಸಿದರು. ಅವರು ಪಟ್ಟಿ ಬಿಡುವ ಮುಂಚೆಯೇ ಅದೇ ಹೆಸರಲ್ಲಿ ಇನ್ಯಾರೋ ಬೇರೆ ಪಟ್ಟಿ ಬಿಟ್ಟರು. ಅದರಲ್ಲಿ ಅಮೆರಿಕದ ಸೆನೆಟರ್‌ಗಳು, ಮೇಯರ್‌ಗಳು! ಹೆಸರು ಬಂದವರು ಬೆಚ್ಚಿಬಿದ್ದು ನಮಗೂ ಅದಕ್ಕೂ ಸಂಬಂಧವಿಲ್ಲ ಅಂದರು. ಕಾರ್ಯಾಚರಣೆ ನಡೆಸುತ್ತಿದ್ದ ಗುಂಪೂ ಆ ಪಟ್ಟಿ ನಮ್ಮದಲ್ಲ ಅಂತು. ಅಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿತ್ತು.

ಐಸಿಸ್ ಪಟ್ಟಿಯದೂ ಇದೇ ಪಾಡು. ಸಾವಿರಾರು ಖಾತೆ ಹಿಡಿದಿದ್ದೇವೆ ಅಂತ ಪ್ಯಾರಿಸ್ ದಾಳಿಯ ನಂತರ ಹೇಳಿಕೊಂಡರಲ್ಲ, ಆಗ ಓಡಾಡಿದ ಪಟ್ಟಿಗಳಲ್ಲಿ ಒಬಾಮಾ ಅವರ ಖಾತೆ, ಬಿಬಿಸಿ ನ್ಯೂಸ್ ಖಾತೆ ಕೂಡ ಇದ್ದವು. ಅರಬ್ಬಿಯಲ್ಲಿ ಬರೆಯುತ್ತಾರೆ ಅಂತ, ಐಸಿಸ್ ಬಗ್ಗೆ ವರದಿ ಮಾಡುತ್ತಾರೆ ಅಂತ ಸೇರಿಸಿಕೊಂಡ ಪತ್ರಕರ್ತರು, ಅಧ್ಯಯನ ಮಾಡುವವರು ಎಷ್ಟೋ ಜನ. ಆ ಪಟ್ಟಿ ತಪ್ಪುಗಳಿಂದ ತುಂಬಿದೆ ಅಂತ ಟ್ವಿಟರ್ ಕಂಪನಿಯವರೇ ಹೇಳಿದರು. ಅದಕ್ಕೂ ಮುಂಚೆ 2014ರ ಆಗಸ್ಟ್‌ನಲ್ಲಿ, ಅಮೆರಿಕದ ಫರ್ಗ್ಯುಸನ್‌ನಲ್ಲಿ ಕರಿಯ ಹುಡುಗನಿಗೆ ಗುಂಡು ಹಾರಿಸಿದ ಪೊಲೀಸ್ ಇವನೇ ಅಂತ ಈ ಮುಖದ ಒಂದು ಖಾತೆ ಹೆಸರು ಹೊರಹಾಕಿತ್ತು. ಆ ಹೆಸರಿನವನು ಅವನಾಗಿರಲಿಲ್ಲ.

ಒಳ್ಳೆಯ ಉದ್ದೇಶಕ್ಕೆ ಮಾಡಿದ್ದು ಅಲ್ವಾ ಅಂತ ಹುಡುಗರು ವಾದಿಸಿದರು. ಇರಬಹುದು. ನಮ್ಮ ಓಣಿಯಲ್ಲಿ ಒಬ್ಬ ಬಡಪಾಯಿಯ ಫೋಟೊ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳ ಅಂತ ಓಡಾಡಿದ್ದು ನಾನು ಕಂಡಿದ್ದೇನೆ. ಕಳಿಸಿದವರ ಉದ್ದೇಶವೂ ಒಳ್ಳೆಯದೇ ಇತ್ತು. ಆತ ಹದಿನೈದು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಹಾಗಾದರೆ ಏನೂ ಉಪಯೋಗ ಆಗಲಿಲ್ಲವಾ? ಆಯಿತು ಅಂತಲೇ ನನ್ನ ಲೆಕ್ಕ. ಸುತ್ತ ಗದ್ದಲ ಎದ್ದಿದ್ದರಿಂದ ಕಂಪನಿಗಳು ಸುಮ್ಮನೆ ಕೂರುವುದು ಕಷ್ಟವಾಯಿತು. ಸರ್ಕಾರಗಳ ಒತ್ತಡವೂ ಇತ್ತು, ಬರೀ ಹ್ಯಾಕರ್‌ಗಳಿಂದ ಆಯಿತು ಅನ್ನಲಾಗದು. 2015ರ ಮಧ್ಯದಿಂದ ಉಗ್ರರ ಪರವಾದ 1,25,000 ಖಾತೆ ಮುಚ್ಚಿದ್ದೇವೆ ಅಂತ 2016ರ ಫೆಬ್ರವರಿಯಲ್ಲಿ ಟ್ವಿಟರ್ ಹೇಳಿತು, ಆಗಸ್ಟ್ ಹೊತ್ತಿಗೆ ಅದು 3,60,000 ಆಯಿತು. ಐಸಿಸ್‌ನವರು ಟೆಲಿಗ್ರಾಂಗೆ ಗಂಟುಮೂಟೆ ಕಟ್ಟಿದರು. ಅಲ್ಲಿಂದ ಎಬ್ಬಿಸಲು 2019ರ ನವೆಂಬರ್‌ನಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಕಂಪನಿಯ ಜೊತೆ ಸೇರಿ ದೊಡ್ಡ ಕಾರ್ಯಾಚರಣೆ ಮಾಡಬೇಕಾಯಿತು. ಓಡಿಸಿದರೆ ಹೊಸ ಹುಡುಗರಿಗೆ ಅವರು ಸುಲಭಕ್ಕೆ ಸಿಗುವುದಿಲ್ಲ, ಅದು ಲಾಭ. ಬೆನ್ನು ಹತ್ತಿ ನೋಡುತ್ತಿದ್ದ ಪೊಲೀಸರಿಗೂ ಸಿಗುವುದಿಲ್ಲ, ಅದು ನಷ್ಟ. ಗೋಸ್ಟ್‌ಸೆಕ್ ಒಡೆದದ್ದೂ ಇಂಥದೇ ಜಗಳದಿಂದ. ಕೆಲವರು ಮುಖವಾಡ ಬೇಡ, ಸರ್ಕಾರಕ್ಕೆ ಮಾಹಿತಿ ಕೊಡುತ್ತೇವೆ ಅಂತ ಬೇರೆ ಹೋದರು. ಉಳಿದವರು ಸರ್ಕಾರದ ಸಹವಾಸ ಬೇಡ ಅಂದರು.

ಮಗಳು ಹೇಳಿದ್ದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬೆಂಗಳೂರಿನ ಕಥೆ. 2014ರಲ್ಲಿ ಐಸಿಸ್ ಪರ ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದ ಟ್ವಿಟರ್ ಖಾತೆಗಳಲ್ಲಿ ಬಹಳ ಹೆಸರು ಮಾಡಿದ್ದೊಂದು, ಶಾಮಿ ವಿಟ್ನೆಸ್ ಅಂತ. 17 ಸಾವಿರಕ್ಕೂ ಹೆಚ್ಚು ಜನ ಹಿಂಬಾಲಿಸುತ್ತಿದ್ದರು. ನಡೆಸುತ್ತಿದ್ದವನು ಸಿರಿಯಾದಲ್ಲೂ ಇರಲಿಲ್ಲ, ಇರಾಕ್‌ನಲ್ಲೂ ಇರಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದು ಹಗಲು ಕಂಪನಿ ಕೆಲಸಕ್ಕೆ ಹೋಗುತ್ತಿದ್ದ. ಅವನ ಮುಖವಾಡ ತೆಗೆದವರು ಹ್ಯಾಕರ್‌ಗಳಲ್ಲ. ಬ್ರಿಟನ್ನಿನ ಚಾನೆಲ್ 4 ಸುದ್ದಿವಾಹಿನಿಯ ಪತ್ರಕರ್ತರು. ಆ ಡಿಸೆಂಬರ್‌ನಲ್ಲಿ ಸುದ್ದಿ ಬಂತು, ಎರಡೇ ದಿನದಲ್ಲಿ ಬೆಂಗಳೂರು ಪೊಲೀಸರು ಹಿಡಿದರು.

ಇನ್ನೊಂದು ಉದಾಹರಣೆಯನ್ನೂ ಕೊಟ್ಟಳು. ಐರನ್ ಮಾರ್ಚ್ ಅಂತ ನವ ನಾಜಿಗಳು ಸೇರುತ್ತಿದ್ದ ತಾಣ. 2017ರಲ್ಲೇ ಮುಚ್ಚಿತ್ತು. 2019ರಲ್ಲಿ ಯಾರೋ ಹೆಸರು ಹೇಳದವರು ಅದರ ಡೇಟಾಬೇಸ್ ಇಡಿಯಾಗಿ ತಂದು ಬಯಲಲ್ಲಿ ಇಟ್ಟುಬಿಟ್ಟರು. ವಿಡಿಯೊ ಇಲ್ಲ, ಎಚ್ಚರಿಕೆ ಇಲ್ಲ. ಆಮೇಲೆ ಪತ್ರಕರ್ತರು, ಸಂಶೋಧಕರು ಕೂತು ಒಂದೊಂದೇ ಇಮೇಲ್, ಒಂದೊಂದೇ ಸಂದೇಶ ತಾಳೆ ನೋಡಿ ಹೆಸರು ಖಚಿತ ಮಾಡಿಕೊಂಡರು. ಅದರಲ್ಲಿ ಸೇನೆಯಲ್ಲಿದ್ದವರೂ ಸಿಕ್ಕರು. ಕದ್ದದ್ದು ಸರಿಯಾ ಅಂತ ಕೇಳಿದರೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ತಾಳೆ ನೋಡಿದ ಕೆಲಸಕ್ಕೆ ಮಾತ್ರ ಕೈ ಮುಗಿಯುತ್ತೇನೆ.

ಇದನ್ನು ಕೇಳಿದ ಮೇಲೆ ಹುಡುಗರು ನಾಟಕಕ್ಕೆ ಒಂದು ಪಾತ್ರ ಸೇರಿಸಿದರು. ಮುಖವಾಡ ಇಲ್ಲದ ಒಬ್ಬ ಹುಡುಗಿ. ಸ್ಟೇಜಿನ ಮೂಲೆಯಲ್ಲಿ ಟೇಬಲ್ ಹಾಕಿಕೊಂಡು ಪಟ್ಟಿ ನೋಡುತ್ತಾಳೆ. ಹನ್ನೆರಡು ಮುಖಗಳು ಬಂದು ಹೆಸರು ಕೂಗುತ್ತವೆ. "ಇವರು ಪತ್ರಕರ್ತರು, ತಗೀರಿ. ಇವರು ಮೇಷ್ಟ್ರು, ತಗೀರಿ. ಇವರು ಸತ್ತು ಎರಡು ವರ್ಷ ಆತು, ತಗೀರಿ" ಅಂತ ಗೀಟು ಹಾಕುತ್ತ ಹೋಗುತ್ತಾಳೆ. ಬಾತುಕೋಳಿಗಿಂತ ಜಾಸ್ತಿ ಚಪ್ಪಾಳೆ ಅವಳಿಗೇ ಬಿತ್ತು. ಡ್ರೆಸ್ ಏನು ಕೊಡಲಿ ಅಂತ ಕೇಳಿದ್ದಕ್ಕೆ, ಏನೂ ಬೇಡ ಅಕ್ಕಾರ, ನಂದ ಚೂಡಿದಾರ ಸಾಕು ಅಂದಳು. ವ್ಯಾಪಾರ ಹೋಯಿತು, ಆದರೆ ಅವಳು ಹೇಳಿದ್ದೇ ಸರಿ.

ಒಂದು ಎಚ್ಚರಿಕೆಯನ್ನು ಬರೆಯಲೇಬೇಕು, ಯಾಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರು ಹುಡುಗರು. ಮುಖವಾಡ ಬಂದ ದಿನವೇ ಇಬ್ಬರು ಹಾಕಿಕೊಂಡು ಕನ್ನಡಿ ನೋಡಿ, ನಾವೂ ಒಂದೆರಡು ಸೈಟ್ ಬೀಳಸೋಣೇನ್ರಿ ಅಂದರು. ತಮಾಷೆಗೇ ಅಂದಿರಬಹುದು. ಮಗಳು ತಮಾಷೆಗೆ ತಗೊಳ್ಳಲಿಲ್ಲ. ನಮ್ಮ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್‌ಗೆ ನುಗ್ಗುವುದು, ಸೈಟ್ ನಿಲ್ಲಿಸುವುದು ಅಪರಾಧ. 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಸೈಟ್ ಕೆಟ್ಟವರದು ಅಂತ ವಿನಾಯಿತಿ ಇಲ್ಲ. 2010ರಲ್ಲಿ ಸರ್ಕಾರಗಳ ಗುಟ್ಟು ಹೊರಹಾಕುವ ವಿಕಿಲೀಕ್ಸ್‌ಗೆ ಹಣ ಹೋಗುವುದನ್ನು ತಡೆದ ಸಿಟ್ಟಿಗೆ ಅನಾನಿಮಸ್‌ನವರು ಆನ್‌ಲೈನ್ ಹಣ ಪಾವತಿಯ ಕಂಪನಿ ಪೇಪಾಲ್ ಮೇಲೆ ದಾಳಿ ಮಾಡಿದರು. ಅದಕ್ಕೆ ಬಳಸಿದ ಲೋಯಿಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಸಾವಿರಾರು ಹುಡುಗರು ಗುಂಡಿ ಒತ್ತಿದರು. ಆ ಸಾಫ್ಟ್‌ವೇರ್ ಒತ್ತಿದವರ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅವರ ಸಂಪರ್ಕದ ಗುರುತು ಸಂಖ್ಯೆ, ಮರೆಮಾಡುತ್ತಲೇ ಇರಲಿಲ್ಲ. ಮರುವರ್ಷ ಅಮೆರಿಕದಲ್ಲಿ 14 ಜನರನ್ನು ಅದೇ ಪ್ರಕರಣದಲ್ಲಿ ಹಿಡಿದರು. ಪ್ಲಾಸ್ಟಿಕ್ ಮುಖ ಪರದೆಯ ಮುಂದೆ ಇರುತ್ತದೆ, ವಿಳಾಸ ಹಿಂದಿನ ತಂತಿಯಲ್ಲಿ ಹೋಗುತ್ತಿರುತ್ತದೆ.

ದ್ವೇಷದ ಖಾತೆಯೋ ಉಗ್ರರ ಚಾನೆಲ್ಲೋ ಕಣ್ಣಿಗೆ ಬಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಕಾಪಿ ಮಾಡಿ, ಆಪ್‌ನಲ್ಲಿ ರಿಪೋರ್ಟ್ ಒತ್ತಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ ಅಂತ ಹೇಳಿದಳು. ಯಾರಿಗೂ ಫಾರ್ವರ್ಡ್ ಮಾಡಬೇಡಿ, ಬೈಯಲಿಕ್ಕೆ ಅಂತ ಕೂಡ ಹಂಚಬೇಡಿ ಅಂದಳು. ನೀರಸ ಅನಿಸುತ್ತದೆ. ಹುಡುಗರ ಮುಖದಲ್ಲೂ ಅದೇ ಕಂಡಿತು.

ಇನ್ನು ಕೊಳ್ಳುವವರಿಗೆ. ಹೋಳಿ ಬಂಡಿಯಲ್ಲಿ ನಿಲ್ಲಲು, ಫೋಟೊಕ್ಕೆ, ಮೂಕಾಭಿನಯಕ್ಕೆ ತಗೊಳ್ಳಬಹುದು. ಡಜನ್ ಒಟ್ಟಿಗೆ ಇದ್ದರೇ ಚಂದ, ಒಂದೇ ಇದ್ದರೆ ಪೇಲವ. ಉದ್ದ ಮಾತಿನ ಪಾತ್ರಕ್ಕೆ ಬೇಡ. ಕನ್ನಡಕ ಇರುವವರಿಗೆ ಆಗುವುದೇ ಇಲ್ಲ, ಗಾಜು ಮಂಜುಕಟ್ಟುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಹೊರಗೆ ಹಾಕಿಕೊಂಡರೆ ಐದು ನಿಮಿಷಕ್ಕೆ ಒಳಗೆಲ್ಲ ನೀರು. ಮಕ್ಕಳಿಗೆ ಕೊಡುವುದಾದರೆ ಅಂಚಿಗೆ ಬಟ್ಟೆ ಟೇಪ್ ಸುತ್ತಿ. ತೊಳೆಯಲು ತಣ್ಣೀರು ಮತ್ತು ಸ್ವಲ್ಪ ಸೋಪು ಸಾಕು, ಬಿಸಿನೀರು ಹಾಕಿದರೆ ಮೂಗು ಸೊಟ್ಟಗಾಗುತ್ತದೆ.

ನಮ್ಮ ಹತ್ತಿರ ಈಗ ಲಾಡಿ ಹೊಲಿದ, ತೂತು ಹಾಕಿದ ಹತ್ತು ಇವೆ. ದಿನಕ್ಕೆ ಒಂದಕ್ಕೆ 30 ರೂಪಾಯಿ, ಡಿಪಾಸಿಟ್ 100. ಕೆನ್ನೆ ತಪ್ಪಿದ್ದನ್ನು 20ಕ್ಕೆ ಕೊಡುತ್ತೇನೆ. ಹೋಳಿಗೆ ಬೇಕಾದವರು ಶಿವರಾತ್ರಿ ಒಳಗೆ ಹೇಳಿಬಿಡಿ, ಆಮೇಲೆ ಬಂದು ಜಗಳ ಮಾಡಬೇಡಿ.